ವೃಷಭಾವತಿಯ ಹೊಸ ಪಾತ್ರ



ನದಿಗಳು ಪಾತ್ರ ಬದಲಿಸುವ ವಿಚಾರ ಎತ್ತಿದರೆ ಕೋಸಿ, ಬ್ರಹ್ಮಪುತ್ರ, ಚೀನಾದ ಹಳದಿ ನದಿ, ಇವೇ ಹೆಸರುಗಳು ಮೊದಲು ನೆನಪಿಗೆ ಬರುತ್ತವೆ. ಅವುಗಳ ಬಗ್ಗೆಯೂ ಎರಡು ಮಾತು ಹೇಳುತ್ತೇನೆ. ಆದರೆ ಇಂದು ನಾನು ಮುಖ್ಯವಾಗಿ ಮಾತಾಡಬೇಕೆಂದಿರುವುದು ನಮ್ಮ ಪಕ್ಕದಲ್ಲೇ, ಮೈಸೂರು ರಸ್ತೆಯ ಬದಿಯಲ್ಲಿ, ಎರಡು ತಡೆಗೋಡೆಗಳ ನಡುವೆ ಹರಿಯುತ್ತಿರುವ ವೃಷಭಾವತಿಯ ಬಗ್ಗೆ. ನೇರಳೆ ಮಾರ್ಗದ ಮೆಟ್ರೊದಲ್ಲಿ ನಾಯಂಡಹಳ್ಳಿಯಿಂದ ಕೆಂಗೇರಿಯ ಕಡೆ ಹೋಗುವವರಿಗೆ ಅದು ಕಿಟಕಿಯಿಂದ ಕಾಣುತ್ತದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ನಾಗರಭಾವಿ, ಕೆಂಗೇರಿ ಉಪನಗರ, ಈ ಎಲ್ಲ ಕಡೆಯ ಮಳೆನೀರೂ ಬಚ್ಚಲುನೀರೂ ಕೊನೆಗೆ ಸೇರುವುದು ಅದನ್ನೇ. ಊರಿನ ಬಾಯಲ್ಲಿ ಅದಕ್ಕೆ ಈಗಿರುವ ಹೆಸರು ದೊಡ್ಡ ಮೋರಿ.

ವೃಷಭಾವತಿ ಸತ್ತುಹೋಯಿತು ಎಂದು ಹೇಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆ ಮಾತಿನ ಹಿಂದಿರುವ ಸಂಕಟ ನನಗೂ ಇದೆ. ಆದರೂ ಆ ಮಾತನ್ನು ನಾನು ಒಪ್ಪಲಾರೆ. ಸತ್ತ ನದಿ ತನ್ನ ತಳವನ್ನು ಕೊರೆಯುವುದಿಲ್ಲ, ಗೋಡೆಯ ಬುಡವನ್ನು ಸಡಿಲಿಸುವುದಿಲ್ಲ, ಹೊತ್ತು ತಂದ ಹೂಳಿನಲ್ಲಿ ದಪ್ಪ ಕಾಳನ್ನು ಒಂದೆಡೆ, ಸಣ್ಣ ಕಣವನ್ನು ಇನ್ನೊಂದೆಡೆ ಬಿಡಿಸಿ ಇಳಿಸುವುದಿಲ್ಲ. ವೃಷಭಾವತಿ ಇದೆಲ್ಲವನ್ನೂ ಇವತ್ತಿಗೂ ಮಾಡುತ್ತಿದೆ. ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ನಾವು ಅದರ ನೀರನ್ನು ಬದಲಿಸಿದೆವು, ದಾರಿಯನ್ನು ಬದಲಿಸಿದೆವು, ದಂಡೆಯನ್ನು ಬದಲಿಸಿದೆವು. ಅಷ್ಟಕ್ಕೂ ಒಪ್ಪುವ ಪಾತ್ರವೊಂದನ್ನು ಅದು ಈಗ ತನಗಾಗಿ ಮಾಡಿಕೊಳ್ಳುತ್ತಿದೆ. ನಾವು ಅನಾಹುತ ಎಂದು ಕರೆಯುವ ಎಷ್ಟೋ ಘಟನೆಗಳು ಆ ಕೆಲಸದ ಹಂತಗಳು. ಇದೊಂದು ಮಾತನ್ನು ನಿಮ್ಮ ಮುಂದೆ ಇಟ್ಟು ವಿವರಿಸುವುದೇ ಈ ಉಪನ್ಯಾಸದ ಉದ್ದೇಶ.

ನದಿಗೆ ನೆಟ್ಟಗೆ ಹರಿಯುವುದು ಒಗ್ಗುವುದಿಲ್ಲ. ಸಣ್ಣದೊಂದು ಬಾಗು ಸಿಕ್ಕರೂ ಸಾಕು, ಮೇಲ್ಪದರದ ವೇಗದ ನೀರು ಹೊರದಂಡೆಯತ್ತ ಒತ್ತುತ್ತದೆ, ತಳದ ನೀರು ನೆಲಕ್ಕೆ ಉಜ್ಜಿ ನಿಧಾನವಾಗಿ ಒಳದಂಡೆಯತ್ತ ತಿರುಗುತ್ತದೆ. ನೀರು ಮುಂದಕ್ಕೆ ಸಾಗುತ್ತಲೇ ಹೀಗೆ ಸುರುಳಿ ಸುತ್ತುತ್ತದೆ. 1926ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಒಂದು ಪುಟ್ಟ ಪ್ರಬಂಧದಲ್ಲಿ ಇದನ್ನು ಚಹಾದ ಬಟ್ಟಲಿನಿಂದ ವಿವರಿಸಿದರು. ಚಹಾ ಕಲಕಿ ಚಮಚ ತೆಗೆದರೆ ತಳದ ಎಲೆಚೂರು ಅಂಚಿಗೆ ಸಿಡಿಯದೆ ನಡುವೆ ಬಂದು ಕೂಡುತ್ತದೆ. ನದಿಯ ತಿರುವಿನಲ್ಲಿ ಮರಳು ಒಳದಂಡೆಗೆ ಬಂದು ಕೂಡುವುದೂ ಅದೇ ಸುಳಿಯಿಂದ. ಹೊರದಂಡೆ ಕೊರೆದು ಮಡು ಬೀಳುತ್ತದೆ, ಒಳದಂಡೆಗೆ ಮರಳು ಏರುತ್ತದೆ, ತಿರುವು ವರ್ಷ ವರ್ಷವೂ ಹೊರಕ್ಕೆ ಸರಿಯುತ್ತದೆ. ಇದರಲ್ಲಿ ಒಂದು ಅಳತೆಯೂ ಇದೆ. ಲೂನಾ ಲಿಯೊಪೋಲ್ಡ್ ಮತ್ತು ಗಾರ್ಡನ್ ವೊಲ್ಮನ್ ಎಂಬ ಅಮೆರಿಕದ ವಿದ್ವಾಂಸರು ಹಲವಾರು ನದಿಗಳನ್ನು ಅಳೆದು ನೋಡಿದಾಗ, ಒಂದು ಜೋಡಿ ತಿರುವಿನ ಉದ್ದ ಪಾತ್ರದ ಅಗಲದ ಸುಮಾರು 10ರಿಂದ 14 ಪಟ್ಟು ಇರುವುದು ಕಂಡಿತು. ತೊರೆಯೇ ಇರಲಿ, ಮಹಾನದಿಯೇ ಇರಲಿ, ಹೆಚ್ಚುಕಡಿಮೆ ಅದೇ ಲೆಕ್ಕ. ಈ ಅಳತೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇದು ಮೆಲ್ಲಗೆ ಸರಿಯುವ ಬಗೆ. ಒಂದೇ ಏಟಿಗೆ ಹಾರುವ ಬಗೆಯೂ ಇದೆ. ಹೊತ್ತು ತಂದ ಹೂಳಿನಿಂದ ತಳ ಏರುತ್ತಾ ಏರುತ್ತಾ ಸುತ್ತಲಿನ ಬಯಲಿಗಿಂತ ನದಿಯೇ ಎತ್ತರವಾದಾಗ, ಅದು ದಂಡೆ ಒಡೆದು ತಗ್ಗಿನ ದಾರಿ ಹಿಡಿಯುತ್ತದೆ. 1855ರಲ್ಲಿ ಹಳದಿ ನದಿ ಹೀಗೆ ಹಾರಿ ಬೇರೆ ಸಮುದ್ರವನ್ನು ಸೇರಿತು. ನಮ್ಮ ಕಾಲದ ಉದಾಹರಣೆ ಕೋಸಿ. 2008ರ ಆಗಸ್ಟ್ 18ರಂದು ನೇಪಾಳದ ಕುಸಾಹದಲ್ಲಿ ಒಡ್ಡು ಒಡೆದು, ನದಿ ಸುಮಾರು 120 ಕಿಲೋಮೀಟರ್ ಪೂರ್ವಕ್ಕಿದ್ದ ತನ್ನ ಹಳೆಯ ಹಾದಿಗೆ ಮರಳಿತು. ಬಿಹಾರದ ಲಕ್ಷಾಂತರ ಜನ ಮನೆಮಠ ಬಿಟ್ಟರು. ಆ ದಿನ ಕೋಸಿಯಲ್ಲಿ ಮಹಾಪ್ರವಾಹವೇನೂ ಇರಲಿಲ್ಲ. ಒಡ್ಡುಗಳನ್ನು ವಿನ್ಯಾಸ ಮಾಡಿದ್ದು 9.5 ಲಕ್ಷ ಕ್ಯೂಸೆಕ್ ನೀರಿಗೆ, ಅಂದು ಹರಿಯುತ್ತಿದ್ದದ್ದು ಸುಮಾರು 1.44 ಲಕ್ಷ ಕ್ಯೂಸೆಕ್. ಎರಡು ಒಡ್ಡುಗಳ ನಡುವೆ ಅರ್ಧ ಶತಮಾನ ಸಿಕ್ಕಿಬಿದ್ದ ಹೂಳು ತಳವನ್ನು ಎತ್ತಿಬಿಟ್ಟಿತ್ತು. ಗೋಡೆ ಎಷ್ಟು ಗಟ್ಟಿ ಎಂಬ ಪ್ರಶ್ನೆಗಿಂತ ಗೋಡೆಗಳ ನಡುವೆ ಏನಾಗುತ್ತಿದೆ ಎಂಬ ಪ್ರಶ್ನೆ ದೊಡ್ಡದು ಎಂಬುದನ್ನು ಕೋಸಿಯಷ್ಟು ದುಬಾರಿಯಾಗಿ ಕಲಿಸಿದ ನದಿ ನಮ್ಮ ದೇಶದಲ್ಲಿ ಇನ್ನೊಂದಿಲ್ಲ.

ನಮ್ಮ ಪ್ರಸ್ಥಭೂಮಿಯ ನದಿಗಳು ಹಾಗೆ ಅಲೆಯುವುದಿಲ್ಲ. ಅವುಗಳ ಕೆಳಗೆ ಕಲ್ಲಿದೆ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಬಿಡದಿ, ರಾಮನಗರದ ಕಡೆ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಇಂಥ ನೆಲದಲ್ಲಿ ನದಿ ಬಂಡೆಯ ಬಿರುಕು ಹಿಡಿದು ಹರಿಯುತ್ತದೆ. ಹಾಗೆಂದು ಅದು ಅಲುಗಾಡುವುದೇ ಇಲ್ಲ ಎನ್ನುವಂತಿಲ್ಲ. ತಲಕಾಡಿಗೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಂಗರ ರಾಜಧಾನಿಯಾಗಿದ್ದ ಊರು ಅದು. ಆಮೇಲೆ ಚೋಳರ ಕೈಗೆ ಹೋಯಿತು. ಅವರನ್ನು ಸೋಲಿಸಿದ ವಿಷ್ಣುವರ್ಧನ 12ನೇ ಶತಮಾನದ ಆರಂಭದಲ್ಲಿ ಅಲ್ಲಿ ಕೀರ್ತಿನಾರಾಯಣನ ಗುಡಿ ಕಟ್ಟಿಸಿದ. ಆ ಗುಡಿಯನ್ನೂ ಪಾತಾಳೇಶ್ವರ, ಮರುಳೇಶ್ವರರ ಗುಡಿಗಳನ್ನೂ ನಾವು ಈಗ ನೋಡುವುದು ಮರಳು ಬಗೆದ ಹಳ್ಳಗಳಲ್ಲಿ. ಊರಿನ ಬೀದಿಗಳ ಮೇಲೆಯೇ ಮರಳ ದಿಬ್ಬ ಕೂತಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದಾಗ, ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಶಾಪ ಹಾಕಿದಳೆಂಬ ಕತೆಯನ್ನು ಮೈಸೂರು ಸೀಮೆಯ ಮಕ್ಕಳೆಲ್ಲ ಕೇಳಿಕೊಂಡೇ ಬೆಳೆದಿರುತ್ತಾರೆ. ತಲಕಾಡನ್ನು ಮರಳು ಮುಚ್ಚುತ್ತದೆ, ಎದುರು ದಡದ ಮಾಲಂಗಿಯಲ್ಲಿ ಮಡು ಬೀಳುತ್ತದೆ ಎಂದು ಆ ಶಾಪ ಎರಡು ಊರುಗಳನ್ನು ಒಟ್ಟಿಗೆ ಹೆಸರಿಸುತ್ತದೆ.

ಈ ಜೋಡಣೆ ನನ್ನನ್ನು ಬಹಳ ಕಾಲ ಕಾಡಿದೆ. ಭೂಪಟ ಬಿಡಿಸಿ ನೋಡಿ. ತಿರುಮಕೂಡಲು ನರಸೀಪುರ ದಾಟಿದ ಕಾವೇರಿ ತಲಕಾಡನ್ನು ಬಳಸಿ ದಕ್ಷಿಣಕ್ಕೆ ಬಾಗಿ, ಮತ್ತೆ ಈಶಾನ್ಯಕ್ಕೆ ತಿರುಗಿ ಶಿವನಸಮುದ್ರದತ್ತ ಹೋಗುತ್ತದೆ. ತಲಕಾಡು ಇರುವುದು ಬಾಗಿನ ಒಳದಂಡೆಯಲ್ಲಿ, ಮಾಲಂಗಿ ಹೊರದಂಡೆಯ ಬದಿಯಲ್ಲಿ. ಒಳದಂಡೆಗೆ ಮರಳು, ಹೊರದಂಡೆಗೆ ಮಡು. ಐನ್‌ಸ್ಟೈನ್ ಬಟ್ಟಲಲ್ಲಿ ಕಂಡದ್ದನ್ನು ಕಾವೇರಿಯ ದಡದ ಜನ ಮುನ್ನೂರು ವರ್ಷ ಮೊದಲೇ ಕಂಡು, ನೆನಪಿನಲ್ಲಿ ಉಳಿಯುವ ಹಾಗೆ ಒಬ್ಬ ನೊಂದ ಹೆಂಗಸಿನ ಬಾಯಲ್ಲಿ ಇಟ್ಟರು ಎಂದೇ ನನ್ನ ನಂಬಿಕೆ. ಮೇಲ್ಭಾಗದಲ್ಲಿ 14ನೇ ಶತಮಾನದ ಮಾಧವಮಂತ್ರಿ ಕಟ್ಟೆಯಿದೆ. ಕಟ್ಟೆಯಿಂದ ಕೆಳಗೆ ಹರಿವು ಇಳಿದು, ಒಣಗಿದ ಮರಳ ಪಾತ್ರ ಗಾಳಿಗೆ ತೆರೆದುಕೊಂಡಿತು, ನೈಋತ್ಯದ ಮಳೆಗಾಲದ ಗಾಳಿ ಆ ಮರಳನ್ನು ಊರಿನ ಮೇಲೆ ತಂದು ಸುರಿಯಿತು ಎಂಬುದು ವಿದ್ವಾಂಸರು ಮುಂದಿಟ್ಟಿರುವ ವಿವರಣೆ. ಒಂದು ಕಟ್ಟೆ ಕಟ್ಟಿದಾಗ ಅದರ ಫಲ ಕೆಳಗಿನ ಊರಿಗೆ ತಲೆಮಾರುಗಳ ನಂತರ ತಲುಪುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲಿ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ.

ಇನ್ನು ಬೆಂಗಳೂರಿಗೆ ಬರೋಣ. ಮಲ್ಲೇಶ್ವರದಿಂದ ಬಸವನಗುಡಿಯ ಕಡೆಗೆ ಉತ್ತರ ದಕ್ಷಿಣವಾಗಿ ಒಂದು ದಿಣ್ಣೆ ಹಬ್ಬಿದೆ. ಅದರ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಪಾಲು, ಪಶ್ಚಿಮಕ್ಕೆ ಬಿದ್ದದ್ದು ಅರ್ಕಾವತಿಯ ಪಾಲು. ಮಂಗಳೂರು ವಿಶ್ವವಿದ್ಯಾಲಯದ ಭೂವಿಜ್ಞಾನಿ ಕೆ.ಆರ್. ಸುಬ್ರಹ್ಮಣ್ಯ ಅವರು 1996ರಲ್ಲಿ ಒಂದು ಗಂಭೀರ ವಾದ ಮಂಡಿಸಿದರು. ಪಡುವಣ ಕರಾವಳಿಯ ಮೂಲ್ಕಿಯಿಂದ ಮೂಡಣ ಕರಾವಳಿಯ ಪುಲಿಕಾಟ್ ಸರೋವರದವರೆಗೆ, ಸರಿಸುಮಾರು 13 ಡಿಗ್ರಿ ಅಕ್ಷಾಂಶದ ಗುಂಟ, ನೆಲ ಮೆಲ್ಲಗೆ ಮೇಲೇಳುತ್ತಿದೆ ಎಂದು. ಅದರ ಉತ್ತರದ ನದಿಗಳು ಈಶಾನ್ಯಕ್ಕೂ ದಕ್ಷಿಣದವು ಆಗ್ನೇಯಕ್ಕೂ ಹೊರಳಿರುವುದು ಅವರ ಸಾಕ್ಷ್ಯಗಳಲ್ಲಿ ಒಂದು. ನಂದಿಬೆಟ್ಟದ ಸುತ್ತಿನಿಂದ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಹೊರಟು ಬೇರೆ ಬೇರೆ ದಿಕ್ಕಿಗೆ ಹರಿಯುವುದನ್ನು ನೋಡಿದರೆ ಆ ವಾದಕ್ಕೆ ತೂಕವಿದೆ ಅನಿಸುತ್ತದೆ. ಹೇಗೂ ನಾವು ಮನೆ ಕಟ್ಟಿಕೊಂಡಿರುವುದು ನೀರು ಬೇರ್ಪಡುವ ನೆತ್ತಿಯ ಮೇಲೆ. ನೆತ್ತಿಯ ಮೇಲಿನ ಹಳ್ಳಗಳು ಸಣ್ಣವು, ಇಳಿಜಾರು ಹೆಚ್ಚು. ಊರಿನ ಮೂರು ದೊಡ್ಡ ಕಣಿವೆಗಳಾದ ಹೆಬ್ಬಾಳ, ಕೋರಮಂಗಲ ಚಲ್ಲಘಟ್ಟ ಮತ್ತು ವೃಷಭಾವತಿಗಳಲ್ಲಿ ಕಡಿದಾದದ್ದು ನಮ್ಮದೇ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ವೃಷಭಾವತಿ ಹುಟ್ಟುತ್ತದೆ ಎಂಬುದು ಊರಿನ ನಂಬಿಕೆ. ಕಾಡು ಮಲ್ಲೇಶ್ವರದ ಎದುರಿನ ನಂದಿತೀರ್ಥಕ್ಕೂ ಅದೇ ಹೆಸರು ಅಂಟಿದೆ. ನೆಲದ ಮೇಲೆ ನೋಡಿದರೆ ಅದಕ್ಕೆ ಒಂದೇ ಮೂಲವಿಲ್ಲ. ಕೆಂಪಾಂಬುಧಿ ಕೆರೆಯ ಕಡೆಯಿಂದ ಒಂದು, ಪೀಣ್ಯದ ಕಡೆಯಿಂದ ಸುಮನಹಳ್ಳಿ ಹಾದು ಬರುವುದು ಇನ್ನೊಂದು, ನಾಗರಭಾವಿಯ ತೊರೆ ಮತ್ತೊಂದು, ಹೀಗೆ ಬೆರಳುಗಳು ಬಂದು ಕೂಡುತ್ತವೆ. ಬ್ಯಾಟರಾಯನಪುರದ ಗಾಳಿ ಆಂಜನೇಯಸ್ವಾಮಿ ದೇವಸ್ಥಾನ ಇರುವುದು ವೃಷಭಾವತಿಗೆ ಪಶ್ಚಿಮವಾಹಿನಿ ಸೇರುವ ಸಂಗಮದಲ್ಲಿ ಎಂದು ಅಲ್ಲಿಯ ಸ್ಥಳಪುರಾಣ. ನಮ್ಮ ಹಿರಿಯರು ಸಂಗಮಗಳನ್ನು ಗುರುತಿಸಿ ಗುಡಿ ಕಟ್ಟಿದ್ದರು. ಸಂಗಮದಲ್ಲಿ ಎರಡು ಹರಿವುಗಳು ಒಂದನ್ನೊಂದು ತಡೆದು ನೀರು ಹಿಂದಕ್ಕೆ ಏರುತ್ತದೆ, ಅಲ್ಲಿ ನದಿಗೆ ಹೆಚ್ಚು ಜಾಗ ಬೇಕು. ದೊಡ್ಡ ಮಳೆಗಳಲ್ಲಿ ಆ ದೇವಸ್ಥಾನದೊಳಕ್ಕೆ ನೀರು ನುಗ್ಗಿದ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ನೀರು ಹೊಸ ಜಾಗಕ್ಕೇನೂ ಬಂದಿರಲಿಲ್ಲ.

ನಗರ ಬೆಳೆದಾಗ ಹಳ್ಳಕ್ಕೆ ಏನಾಗುತ್ತದೆ ಎಂಬುದಕ್ಕೆ ಒಂದು ಕ್ರಮವಿದೆ. ಗಾರ್ಡನ್ ವೊಲ್ಮನ್ ಅದನ್ನು 1967ರಲ್ಲೇ ಬರೆದಿಟ್ಟರು. ಮೊದಲ ಹಂತದಲ್ಲಿ ಬಡಾವಣೆ ಏಳುತ್ತದೆ. ನೆಲ ಅಗೆದು, ಮಣ್ಣು ಸಡಿಲವಾಗಿ, ಹಳ್ಳಕ್ಕೆ ಹೂಳು ತುಂಬಿ ತಳ ಏರುತ್ತದೆ. ಎರಡನೇ ಹಂತದಲ್ಲಿ ಮನೆ, ರಸ್ತೆ, ಡಾಂಬರು, ಕಾಂಕ್ರೀಟು ನೆಲವನ್ನು ಮುಚ್ಚುತ್ತವೆ. ಮಣ್ಣು ಬರುವುದು ನಿಲ್ಲುತ್ತದೆ, ಆದರೆ ಇಂಗಲು ಜಾಗವಿಲ್ಲದ ನೀರು ಮಳೆ ಬಿದ್ದ ಅರ್ಧ ಗಂಟೆಯಲ್ಲೇ ಹಳ್ಳಕ್ಕೆ ಧುಮುಕುತ್ತದೆ. ಹೊರೆ ಕಡಿಮೆಯಾಗಿ ಬಲ ಹೆಚ್ಚಿದ ಆ ನೀರು ತಳವನ್ನೂ ದಂಡೆಯನ್ನೂ ಕೊರೆದು ಪಾತ್ರವನ್ನು ಹಿಗ್ಗಿಸುತ್ತದೆ. ರಾಜಾಜಿನಗರ ಮೊದಲ ಹಂತವನ್ನು 1950ರ ದಶಕದಲ್ಲಿ ದಾಟಿತು, ವಿಜಯನಗರ, ಬಸವೇಶ್ವರನಗರ ಅದರ ಹಿಂದೆಯೇ, ನಾಗರಭಾವಿ, ಕೆಂಗೇರಿ ಆಮೇಲೆ. ಕೆಂಗೇರಿಯ ಆಚೆ ಈಗಲೂ ಗುಡ್ಡ ಅಗೆಯುವ ಹಂತ ನಡೆಯುತ್ತಿದೆ. ಒಂದೇ ನದಿಯ ಮೇಲ್ಭಾಗ ಎರಡನೇ ಹಂತದಲ್ಲಿ, ಕೆಳಭಾಗ ಮೊದಲ ಹಂತದಲ್ಲಿ ಇರುವುದು ವೃಷಭಾವತಿಯ ವಿಶೇಷ ಕಷ್ಟ.

ಹಿಂದೆ ಈ ಬಲವನ್ನು ತಗ್ಗಿಸುತ್ತಿದ್ದದ್ದು ಕೆರೆಸಾಲು. ಒಂದರ ಕೋಡಿ ಇನ್ನೊಂದರ ಒಡಲಿಗೆ ಬೀಳುವಂತೆ ಕೆಂಪೇಗೌಡರ ಕಾಲದಿಂದ ಕಟ್ಟಿಕೊಂಡು ಬಂದ ಕೆರೆಗಳವು. ಧರ್ಮಾಂಬುಧಿಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು. ಕೆಂಪಾಂಬುಧಿ ಉಳಿದಿದೆ. ಕೆರೆ ಹೋದಮೇಲೆ ನೀರು ತಡೆಯಿಲ್ಲದೆ ಓಡತೊಡಗಿತು, ಹಾಗೆ ಓಡಿದ ನೀರಿಗೆ ನಾವು ಕೊಟ್ಟ ಉತ್ತರ ಗೋಡೆ.

ನದಿಯ ಬಾಗು ತಿದ್ದಿ ನೇರ ಮಾಡಿದರೆ ಅದೇ ಇಳಿಕೆಯನ್ನು ಕಡಿಮೆ ದೂರದಲ್ಲಿ ಇಳಿಯಬೇಕಾಗುತ್ತದೆ, ಅಂದರೆ ಇಳಿಜಾರು ಹೆಚ್ಚುತ್ತದೆ. ಇ.ಡಬ್ಲ್ಯೂ. ಲೇನ್ ಎಂಬ ಎಂಜಿನಿಯರು 1955ರಲ್ಲಿ ಹೇಳಿದ ಸಮತೋಲದ ನಿಯಮ ಸರಳವಾಗಿದೆ. ನೀರಿನ ಪ್ರಮಾಣ ಮತ್ತು ಇಳಿಜಾರು ಒಂದು ಕಡೆ, ಹೂಳಿನ ಪ್ರಮಾಣ ಮತ್ತು ಅದರ ಕಾಳಿನ ಗಾತ್ರ ಇನ್ನೊಂದು ಕಡೆ. ಒಂದು ಕಡೆ ಏರುಪೇರಾದರೆ ನದಿ ಕೊರೆದೋ ತುಂಬಿಯೋ ಸರಿದೂಗಿಸುತ್ತದೆ. ವೃಷಭಾವತಿಯ ನಗರಭಾಗದಲ್ಲಿ ನಾವು ನೀರನ್ನೂ ಹೆಚ್ಚಿಸಿದೆವು, ಇಳಿಜಾರನ್ನೂ ಹೆಚ್ಚಿಸಿದೆವು, ಹೂಳನ್ನು ಕಡಿಮೆ ಮಾಡಿದೆವು. ಉಳಿದ ದಾರಿ ಒಂದೇ, ಕೊರೆಯುವುದು. ಬದಿಗೆ ಕೊರೆಯಲು ಗೋಡೆ ಬಿಡದಿದ್ದರೆ ತಳಕ್ಕೆ ಕೊರೆಯುತ್ತದೆ. ತಳ ಇಳಿದಾಗ ಗೋಡೆಯ ಪಾಯ ಬಯಲಾಗುತ್ತದೆ. ಹಿಂಬದಿಯ ಮಣ್ಣು ಮಳೆಯಲ್ಲಿ ನೆನೆದು ಭಾರವಾದ ದಿನ ಗೋಡೆ ಮುಂದಕ್ಕೆ ಮಗುಚುತ್ತದೆ. 2020ರ ಜೂನ್ ತಿಂಗಳ ಮಳೆಯಲ್ಲಿ ಕೆಂಗೇರಿಯ ಹತ್ತಿರ ಮೈಸೂರು ರಸ್ತೆಯ ಪಕ್ಕದ ತಡೆಗೋಡೆ ಕುಸಿದು ಸಂಚಾರ ಅಸ್ತವ್ಯಸ್ತವಾದದ್ದು ನಿಮಗೆ ನೆನಪಿರಬಹುದು. ಅಂದಿನ ಚರ್ಚೆಯೆಲ್ಲ ಕಾಮಗಾರಿಯ ಗುಣಮಟ್ಟದ ಸುತ್ತ ತಿರುಗಿತು. ಗುಣಮಟ್ಟದ ಪ್ರಶ್ನೆ ಕೇಳಲೇಬೇಕಾದದ್ದು. ಆದರೆ ಅತ್ಯುತ್ತಮ ಗುಣಮಟ್ಟದ ಗೋಡೆಯೂ ಆ ಜಾಗದಲ್ಲಿ ನದಿಯ ಲೆಕ್ಕಕ್ಕೆ ಅಡ್ಡ ನಿಂತಿರುತ್ತದೆ.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಭಾಗಕ್ಕೆ ಬರುತ್ತೇನೆ. ವೃಷಭಾವತಿಯಲ್ಲಿ ಹರಿಯುತ್ತಿರುವುದು ಯಾರ ನೀರು?

ಮಳೆಗಾಲ ಬಿಟ್ಟರೆ ಅದು ಬಹುಪಾಲು ನಮ್ಮ ಮನೆಗಳಿಂದ ಹೊರಬಿದ್ದ ನೀರು. ನೆತ್ತಿಯ ಮೇಲಿನ ಹಳ್ಳವಾಗಿ ಬೇಸಿಗೆಯಲ್ಲಿ ಬತ್ತಬೇಕಾದ ಹೊಳೆ ಇಂದು ಏಪ್ರಿಲ್ಲಿನಲ್ಲೂ ಬತ್ತುವುದಿಲ್ಲ. ಮನೆಗೆ ಆ ನೀರು ಎಲ್ಲಿಂದ ಬಂತು? ಕೊಳವೆಬಾವಿಯ ಪಾಲು ಇದೆ. ಹಿಂದೆ ಅರ್ಕಾವತಿಯಿಂದ, 1894ರ ಹೆಸರಘಟ್ಟ ಯೋಜನೆಯಿಂದಲೂ 1933ರ ತಿಪ್ಪಗೊಂಡನಹಳ್ಳಿ ಜಲಾಶಯದಿಂದಲೂ ಬಂತು. 1974ರಲ್ಲಿ ಕಾವೇರಿ ನೀರು ಸರಬರಾಜು ಯೋಜನೆಯ ಮೊದಲ ಹಂತ ಶುರುವಾದಮೇಲೆ ನಮ್ಮ ನಲ್ಲಿಗಳಲ್ಲಿ ಕಾವೇರಿಯದೇ ಮೇಲುಗೈ. ನಾಲ್ಕು ಹಂತಗಳು ಸೇರಿ ದಿನಕ್ಕೆ ಸುಮಾರು 145 ಕೋಟಿ ಲೀಟರ್, 2024ರ ಅಕ್ಟೋಬರಿನಲ್ಲಿ ಆರಂಭವಾದ ಐದನೇ ಹಂತಕ್ಕೆ ಇನ್ನೂ 77.5 ಕೋಟಿ ಲೀಟರ್ ಸಾಮರ್ಥ್ಯ. ಶಿವನಸಮುದ್ರದ ಬಳಿ ತೆಗೆದ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಮೇಲಕ್ಕೆತ್ತಿಸಿಕೊಂಡು, ಸುಮಾರು 100 ಕಿಲೋಮೀಟರ್ ದೂರ ಮತ್ತು ಸುಮಾರು 500 ಮೀಟರ್ ಎತ್ತರ ದಾಟಿ ಊರಿಗೆ ಬರುತ್ತದೆ.

ಅದರಲ್ಲಿ ಪಶ್ಚಿಮ ಬೆಂಗಳೂರಿಗೆ ಬಂದ ಪಾಲನ್ನು ಹಿಂಬಾಲಿಸಿ. ವಿಜಯನಗರದ ಅಡುಗೆಮನೆ, ಬಚ್ಚಲುಮನೆ, ಒಳಚರಂಡಿ, ಮೈಸೂರು ರಸ್ತೆಯ ಬದಿಯ ಶುದ್ಧೀಕರಣ ಘಟಕ ಅಥವಾ ಅದನ್ನು ತಪ್ಪಿಸಿಕೊಂಡು ನೇರ ರಾಜಕಾಲುವೆ ಎಂಬ ಮಳೆನೀರಿನ ಕಾಲುವೆ, ವೃಷಭಾವತಿ, ಕೆಂಗೇರಿ, ಕುಂಬಳಗೋಡು, ಬಿಡದಿಯ ಬಳಿಯ ಬೈರಮಂಗಲ ಕೆರೆ, ಅಲ್ಲಿಂದ ಅರ್ಕಾವತಿ, ಕನಕಪುರದ ಸೀಮೆ ದಾಟಿ ಮೇಕೆದಾಟಿಗೆ ಮೊದಲು ಸಿಗುವ ಸಂಗಮದಲ್ಲಿ ಮತ್ತೆ ಕಾವೇರಿ. ಶಿವನಸಮುದ್ರದಲ್ಲಿ ಕಾವೇರಿಯನ್ನು ಬಿಟ್ಟ ನೀರು, ಬೆಂಗಳೂರಿನ ನೆತ್ತಿ ಹತ್ತಿ ಇಳಿದು, ಶಿವನಸಮುದ್ರದ ಕೆಳಗೆ ಮತ್ತೆ ಕಾವೇರಿಯನ್ನೇ ಸೇರುತ್ತಿದೆ. ಭೂವಿಜ್ಞಾನದ ಯಾವ ಪಠ್ಯದಲ್ಲೂ ಇದನ್ನು ನದಿ ಪಾತ್ರ ಬದಲಿಸಿದ್ದಕ್ಕೆ ಉದಾಹರಣೆಯಾಗಿ ಕೊಡುವುದಿಲ್ಲ. ನಾನು ಕೊಡುತ್ತೇನೆ. ಕಾವೇರಿಯ ಒಂದು ಕವಲು ಈಗ ನಮ್ಮ ಮನೆಗಳ ಮೂಲಕ ಹರಿಯುತ್ತಿದೆ, ವೃಷಭಾವತಿ ಆ ಕವಲಿನ ಇಳಿದಾರಿ. ಶ್ರೀರಂಗಪಟ್ಟಣದಲ್ಲಿ ನಾವು ಕೈಮುಗಿಯುವ ನೀರೂ ಕೆಂಗೇರಿಯಲ್ಲಿ ಮೂಗು ಮುಚ್ಚಿಕೊಳ್ಳುವ ನೀರೂ ಒಂದೇ ನದಿಯವು.

ಸಣ್ಣ ಹಳ್ಳದ ಪಾತ್ರದಲ್ಲಿ ಹೀಗೆ ದೊಡ್ಡ ನದಿಯ ಪಾಲು ವರ್ಷವಿಡೀ ಹರಿದರೆ ಹಳ್ಳ ಹಳ್ಳವಾಗಿ ಉಳಿಯುವುದಿಲ್ಲ. ಅಗಲ ಬೇಕು, ಅಗಲಕ್ಕೆ ತಕ್ಕ ತಿರುವು ಬೇಕು. ಆಗ ಹೇಳಿದ 10ರಿಂದ 14 ಪಟ್ಟಿನ ಲೆಕ್ಕ ಇಲ್ಲಿ ಬರುತ್ತದೆ. ಪಾತ್ರ 20 ಮೀಟರ್ ಅಗಲವಿದ್ದರೆ ತಿರುವಿನ ಜೋಡಿ 200ರಿಂದ 280 ಮೀಟರ್ ಉದ್ದ. ಅಗಲ 30 ಮೀಟರಿಗೆ ಏರಿದರೆ 300ರಿಂದ 420 ಮೀಟರ್. ಹಳೆಯ ತಿರುವುಗಳೆಲ್ಲ ಹೊಸ ಅಳತೆಗೆ ಹಿಗ್ಗಬೇಕು. ಗೋಡೆಯಿಲ್ಲದ ಕಡೆ, ಕೆಂಗೇರಿಯಿಂದ ಕೆಳಗೆ, ಈ ಹಿಗ್ಗುವ ಕೆಲಸಕ್ಕೆ ಇನ್ನೂ ಎಡೆಯಿದೆ.

ಬೈರಮಂಗಲದ ಕೆರೆಯನ್ನು ಕಟ್ಟಿದ್ದು 1940ರ ದಶಕದಲ್ಲಿ, ಅಚ್ಚುಕಟ್ಟಿನ ರೈತರಿಗಾಗಿ. ಇಂದು ನಗರದ ಹೂಳು, ಕೈಗಾರಿಕೆಯ ವಿಷ, ಸಾಬೂನಿನ ನೊರೆ ಎಲ್ಲ ಬಂದು ನಿಲ್ಲುವುದು ಅಲ್ಲಿ. ಕೆರೆಯ ಮೇಲ್ಭಾಗದಲ್ಲೇ ಒಡ್ಡು ಹಾಕಿ, ಕೊಳೆನೀರನ್ನು ಕಾಲುವೆಯಲ್ಲಿ ಕೆರೆಯ ಪಕ್ಕದಿಂದ ಸಾಗಿಸಿ ಕೆಳಗೆ ಬಿಡುವ ಕಾಮಗಾರಿಯನ್ನು ಕೈಗೆತ್ತಿಕೊಂಡರು. ಇದೂ ನದಿಗೆ ಹೊಸ ಪಾತ್ರ ಕೊಡುವುದೇ. ಕೆರೆಗೆ ಉಸಿರಾಡಲು ಅವಕಾಶ ಸಿಕ್ಕಬಹುದು. ಆದರೆ ಕೊಳೆ ಅಲ್ಲಿ ನಿಲ್ಲದೆ ಅರ್ಕಾವತಿಗೆ ಬೇಗ ಮುಟ್ಟುತ್ತದೆ. ನೀರನ್ನು ಮೂಲದಲ್ಲಿ ಶುದ್ಧ ಮಾಡದೆ ದಾರಿಯನ್ನು ಮಾತ್ರ ಬದಲಿಸಿದರೆ ಕಷ್ಟ ಮುಂದಿನ ಊರಿನ ಹೆಸರಿಗೆ ವರ್ಗವಾಗುತ್ತದೆ. ಬೈರಮಂಗಲದ ರೈತರು ನಾವು ಬಿಟ್ಟ ನೀರನ್ನು ಗದ್ದೆಗೆ ಹಾಯಿಸಿಕೊಂಡು ಬಂದವರು. ಅವರ ಋಣ ಪಶ್ಚಿಮ ಬೆಂಗಳೂರಿನ ಪ್ರತಿ ಮನೆಯ ಮೇಲಿದೆ ಎಂದು ನಾನು ಈ ವೇದಿಕೆಯಿಂದ ಹೇಳಲೇಬೇಕು.

ನದಿಗೆ ಎಷ್ಟು ಜಾಗ ಬಿಡಬೇಕು ಎಂಬ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿದೆ. ಬೆಂಗಳೂರಿನ 2015ರ ಪರಿಷ್ಕೃತ ಮಹಾನಕ್ಷೆ ಪ್ರಾಥಮಿಕ ರಾಜಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15 ಎಂದು ಮೀಸಲು ಪಟ್ಟಿ ಇಟ್ಟಿತ್ತು, ಅಳತೆ ಕಾಲುವೆಯ ನಡುಗೆರೆಯಿಂದ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 50, 35, 25 ಮಾಡಿ, ಅಂಚಿನಿಂದ ಅಳೆಯಬೇಕೆಂದಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ಹೆಚ್ಚಳವನ್ನು ರದ್ದು ಮಾಡಿತು. ಮೀಟರುಗಳ ಈ ಹಗ್ಗಜಗ್ಗಾಟದಲ್ಲಿ ನಡುಗೆರೆ ಎಂಬ ಮಾತು ಎಲ್ಲರ ಗಮನ ತಪ್ಪಿಸಿಕೊಂಡಿತು. ಸರಿಯುತ್ತಿರುವ ನದಿಗೆ ನಿಂತ ನಡುಗೆರೆ ಎಲ್ಲಿಂದ ಬರಬೇಕು? ನಡುವಿನಿಂದ ಅಳೆದರೆ ನದಿ ಅಗಲವಾದಷ್ಟೂ ದಡದ ಮೀಸಲು ಕಿರಿದಾಗುತ್ತದೆ. ನದಿಗೆ ಹೆಚ್ಚು ಜಾಗ ಬೇಕಾದ ಕಡೆಯೇ ಕಡಿಮೆ ಜಾಗ ಕೊಡುವ ಅಳತೆ ಇದು.

ತಪ್ಪಿದ ದಾರಿಯಿಂದ ನದಿಯನ್ನು ಹಿಂದಕ್ಕೆ ಕರೆತಂದ ಊರುಗಳಿವೆ. ಅಮೆರಿಕದ ಫ್ಲಾರಿಡಾದಲ್ಲಿ 166 ಕಿಲೋಮೀಟರ್ ಅಂಕುಡೊಂಕಾಗಿ ಹರಿಯುತ್ತಿದ್ದ ಕಿಸ್ಸಿಮ್ಮೀ ನದಿಯನ್ನು 1962ರಿಂದ 1971ರ ನಡುವೆ 90 ಕಿಲೋಮೀಟರಿನ ನೇರ ಕಾಲುವೆ ಮಾಡಿದರು. ಹಕ್ಕಿಗಳು, ಮೀನುಗಳು, ಜೌಗುನೆಲ ಎಲ್ಲ ಹೋದಮೇಲೆ, ಅದೇ ಕಾಲುವೆಯ ಒಂದು ಭಾಗವನ್ನು ಮಣ್ಣು ತುಂಬಿ ಮುಚ್ಚಿ, ನೀರನ್ನು ಹಳೆಯ ತಿರುವುಗಳಿಗೆ ಬಿಟ್ಟರು. ಆ ಕೆಲಸ ಮುಗಿದದ್ದು 2021ರಲ್ಲಿ. ಜರ್ಮನಿಯ ಮ್ಯೂನಿಕ್ ನಗರದೊಳಗೆ ಇಸಾರ್ ನದಿಯ ಗಟ್ಟಿ ದಂಡೆಗಳನ್ನು 2000ದಿಂದ 2011ರವರೆಗೆ ಹಂತ ಹಂತವಾಗಿ ಕೆಡವಿ, ಜಲ್ಲಿಯ ದಿಣ್ಣೆಗಳಿಗೆ ಅವಕಾಶ ಮಾಡಿದರು. ಜನ ಈಗ ಅಲ್ಲಿ ನೀರಿಗಿಳಿಯುತ್ತಾರೆ. ನಮ್ಮ ಕಣಿವೆಯಲ್ಲಿ ಮೆಟ್ರೊ ಕಂಬಗಳಿವೆ, ಹೆದ್ದಾರಿಯಿದೆ, ಸಾವಿರಾರು ಮನೆಗಳಿವೆ. ನಾಯಂಡಹಳ್ಳಿಯಲ್ಲಿ ಇಸಾರ್ ಮಾಡಲಾಗದು ಎಂಬುದು ನನಗೆ ಗೊತ್ತು. ಆದರೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಂಥ ತೆರೆದ ನೆಲದಲ್ಲಿ ತೊರೆಗಳ ನೀರನ್ನು ಹರಡಿ ತಡೆಯಬಹುದು. ಕೆಂಗೇರಿಯಿಂದ ಕುಂಬಳಗೋಡಿನ ಕಡೆ, ಅಲ್ಲಿಂದ ಬೈರಮಂಗಲದವರೆಗೆ, ಗೋಡೆ ಇನ್ನೂ ಮುಟ್ಟದ ಕಡೆ ಗೋಡೆಯನ್ನು ಕಟ್ಟದೇ ಇರಬಹುದು. ಈ ಕೊನೆಯದು ಅತ್ಯಂತ ಅಗ್ಗದ ಕೆಲಸ, ಬಹುಶಃ ಅದಕ್ಕೇ ಯಾವ ಅಂದಾಜುಪಟ್ಟಿಯಲ್ಲೂ ಅದಕ್ಕೆ ಜಾಗ ಸಿಗುವುದಿಲ್ಲ.

ನದಿಗೆ ಎಲ್ಲಿ ಎಷ್ಟು ಜಾಗ ಬಿಡಬೇಕೆಂದು ತಿಳಿಯಲು ಬೇಕಾದ ದಾಖಲೆ ನಮ್ಮಲ್ಲಿದೆ. ಹಳ್ಳಿಗಳ ಗ್ರಾಮನಕಾಶೆಗಳಲ್ಲಿ ಹಳ್ಳ, ರಾಜಕಾಲುವೆಗಳನ್ನು ಖರಾಬು ಜಮೀನಾಗಿ ಗುರುತಿಸಿ ಬಿಟ್ಟಿದ್ದಾರೆ. ಸರ್ವೆ ಮಾಡಿದವರು ಸರಪಳಿ ಹಿಡಿದು ನಡೆದು, ನೀರಿಗೆ ಸೇರಿದ್ದು ಎಷ್ಟು, ಉಳುವವನಿಗೆ ಸೇರಿದ್ದು ಎಷ್ಟು ಎಂದು ಗೆರೆ ಎಳೆದರು. ಆ ಗೆರೆಗಳ ಮೇಲೆ ಇಂದಿನ ಉಪಗ್ರಹ ಚಿತ್ರವನ್ನು ಇಟ್ಟರೆ ನದಿ ಎಲ್ಲಿ ಸರಿದಿದೆ, ಎಲ್ಲಿ ನಾವು ಸರಿಸಿದ್ದೇವೆ ಎರಡೂ ಕಾಣುತ್ತವೆ. ಇದು ಪಿಯುಸಿ ಓದುವ ಮಕ್ಕಳೂ ಮಾಡಬಹುದಾದ ಕೆಲಸ, ಭೂಗೋಳದ ಅಧ್ಯಾಪಕರೊಬ್ಬರು ಜೊತೆಗಿದ್ದರೆ ಸಾಕು. ಗೋಡೆ ಇನ್ನೂ ಮುಟ್ಟದ ಊರುಗಳು ಉಳಿದಿರುವುದು ಕೆಂಗೇರಿಯ ಕಡೆಯೇ ಆದ್ದರಿಂದ, ಆ ಹೋಬಳಿಯ ನಕಾಶೆಗಳಿಂದ ಶುರುಮಾಡಬೇಕೆಂದು ಈ ಬಡಾವಣೆಯ ಶಾಲಾ ಕಾಲೇಜುಗಳನ್ನು ಕೇಳಿಕೊಳ್ಳುತ್ತೇನೆ.